ಲಾಕಪ್ಪಿನಲ್ಲಿ ರೇಷ್ಮೆಹುಳು

ಅಪ್ಪಾ,

ಇವತ್ತು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೂಟಗಲ್ಲಿನ ಗಂಗಲಕ್ಷ್ಮಮ್ಮ ನನ್ನನ್ನು ತಡೆದು ನಿಲ್ಲಿಸಿದರು. "ದಫೇದಾರ್ ಚಿಕ್ಕಹನುಮಯ್ಯನೋರ ಮಗ ಅಲ್ವೇನಪ್ಪ? ಮೂಗು ಅವ್ರದೇ ಐತೆ" ಎಂದರು.

ಅವರ ರೇಷ್ಮೆಹುಳು ಕಳುವಾದ ಕಥೆಯನ್ನು ನೀವು ಎಷ್ಟೋ ಸಲ ಶುರು ಮಾಡಿದ್ದಿರಿ. ಕಥೆಯಲ್ಲಿ ಕಳ್ಳ ಸಿಕ್ಕಿಬೀಳುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗುತ್ತಿತ್ತು. ಉಳಿದದ್ದನ್ನು ಇವತ್ತು ಕೇಳಿದೆ.

ಗೂಡು ಕಟ್ಟಲು ಹುಳು ಬಿಟ್ಟಿದ್ದ ಬಿದಿರಿನ ಚಂದ್ರಿಕೆಗಳನ್ನು ನೀವು ಕಳ್ಳನ ಸಮೇತ ಠಾಣೆಗೆ ತಂದಿರಿ. ಕೋರ್ಟಿಗೆ ರಜೆ. ಆದೇಶವಿಲ್ಲದೆ ಜಪ್ತಿ ಮಾಲನ್ನು ವಾಪಸು ಕೊಡುವಂತಿಲ್ಲ. ಹುಳುವಿಗೆ ಹೊಗೆ ತಾಗಿದರೂ ಬೆಳೆ ಕೈಬಿಡುತ್ತದೆ, ಆಕೆ ನಂಬಿದ್ದು ಅದೊಂದೇ ಬೆಳೆಯನ್ನು. ಗಾಳಿಯಾಡುವ ಜಾಗ ಲಾಕಪ್ ಒಂದೇ ಎಂದು ಚಂದ್ರಿಕೆಗಳನ್ನು ಅದರೊಳಗಿಟ್ಟು, ಕಳ್ಳನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದಿರಂತೆ.

"ನನ್ನ ಯಾವಾಗ ಒಳಗ್ ಹಾಕ್ತೀರಿ ಸಾಮಿ?" ಎಂದು ಅವನು ಕೇಳಿದನಂತೆ.

"ತಡ್ಕೊಳ್ಲಾ ಒಸಿ, ಅವು ಗೂಡು ಕಟ್ಲಿ" ಎಂದಿರಂತೆ ನೀವು.

ಇನ್ಸ್‌ಪೆಕ್ಟರ್ ಸಿಗರೇಟು ಹಚ್ಚಲು ಹೋದಾಗ ಸೆಲ್ಯೂಟ್ ಹೊಡೆದು, "ಹೊಗೆ ಆಗಾಕಿಲ್ಲ ಸಾರ್, ಸಾಕ್ಷಿ ಸತ್ತೋಯ್ತವೆ" ಎಂದು ಹೊರಗೆ ಕಳಿಸಿದಿರಂತೆ.

ಮಾರುಕಟ್ಟೆಯಲ್ಲಿ ಸುತ್ತ ನಿಂತು ಕೇಳುತ್ತಿದ್ದ ರೈತರೆಲ್ಲ ನಕ್ಕರು. ರಜೆ ಮುಗಿದು ಆದೇಶ ಬಂದಾಗ, ಒಂದು ಗೂಡೂ ಕೆಡದೆ ಬೆಳೆ ಆಕೆಯ ಕೈಸೇರಿತ್ತು. "ಅಂತ ಪೊಲೀಸ್ನೋರ್ನ ನಾನ್ ಇನ್ನೆಲ್ಲೂ ಕಾಣೆ ಕಣಪ್ಪ" ಎಂದರು ಗಂಗಲಕ್ಷ್ಮಮ್ಮ.

ನಾನು ಹೊರಟಾಗ, "ಗಂಗಲಕ್ಷ್ಮಮ್ಮ ಕೇಳುದ್ಲು ಅಂತ ಅಪ್ಪಂಗೆ ಹೇಳು" ಎಂದರು. ನೀವು ತೀರಿಹೋದದ್ದು ಅವರಿಗೆ ಗೊತ್ತಿಲ್ಲ. ಆಗಲಿ ಎಂದು ಬಂದೆ.

ಅಪ್ಪಾ, ಗಂಗಲಕ್ಷ್ಮಮ್ಮ ಕೇಳಿದರು.