ಕರು ಬಿಚ್ಚುವ ಇಲಾಖೆ

ಜುಲೈ 6, 1999. ಮಂಗಳವಾರ

ಬಸ್ಸು ಮತ್ತೆ ಲೇಟು. ಬೈಲಹೊಂಗಲ ಮುಟ್ಟುವಷ್ಟರಲ್ಲಿ ಮೊದಲ ಪಿರಿಯಡ್ ಮುಗಿದಿತ್ತು. ಇತಿಹಾಸದ ಸರ್ ಅಂದರು — "ಮಹಾರಾಣಿಯವರು ಬಂದ್ರು." ನಾನು ಕೈ ಎತ್ತಿ ಪ್ರಜೆಗಳನ್ನು ಆಶೀರ್ವದಿಸಿದೆ. ಹೊರಗೆ ನಿಲ್ಲಿಸಿದರು. ರಾಜ್ಯ ಹೋಯಿತು.

ಸಂಜೆ ದೊಡವಾಡಕ್ಕೆ ಬಂದಾಗ ಅವ್ವ ಮಲಗಿದ್ದಳು. ಗೋಡೆಗೆ ಮುಖ. ಮುಂಜಾನೆ ನಾನು ಹೋಗುವಾಗಲೂ ಹಾಗೆಯೇ ಇದ್ದಳು. ರಾಜ್ಯ ಕಳೆದುಕೊಂಡ ಕಥೆಯನ್ನು ಅಭಿನಯ ಸಮೇತ ಹೇಳಿದೆ. ಮೊದಲಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಕ್ಕು, ನಕ್ಕಿದ್ದು ಮುಗಿದ ಮೇಲೆ ಬೈಯುತ್ತಿದ್ದಳು. ಇವತ್ತು — "ಊಟಾ ಮಾಡ." ಅಷ್ಟೇ.

ಅಕ್ಕನ ಮದುವೆಯ ಹಂದರ ಬಿಚ್ಚಿದಂದಿನಿಂದ ಹೀಗೆ. ನಾಗರತ್ನಕ್ಕ ಗಂಡನ ಮನೆಗೆ, ಹೂಲಿಗೆ ಹೋದಳು. ಅವ್ವ ಇಲ್ಲೇ ಇದ್ದಾಳೆ, ಆದರೆ ಇಲ್ಲ.

ಅಪ್ಪ ಊಟದ ಹೊತ್ತಿಗೆ ಪಂಚಮಿ ಮಾತು ತೆಗೆದ. ಮದುವೆಯಾದ ಮೊದಲ ಪಂಚಮಿ. ಮಗಳನ್ನು ಕರೆತರಲೇಬೇಕು — ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು. ಕರೆಯದಿದ್ದರೆ ಅತ್ತೆಯ ಮನೆಯವರು ವರ್ಷವಿಡೀ ಆಡಿಕೊಳ್ಳುತ್ತಾರೆ. ಅವ್ವ ಗೋಡೆಯ ಕಡೆಯಿಂದಲೇ ಅಂದಳು:

"ಈ ವರ್ಷ ಕರಿಯೂದ ಬ್ಯಾಡ್ರಿ. ನನ್ನ ಕೈಲೆ ಆಗಂಗಿಲ್ಲ. ಆಕಿ ಬಂದು ನನ್ನ ಈ ಮಾರಿ ನೋಡೂದ ಬ್ಯಾಡ."

ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ನನಗೂ ಯಾವ ನಗೆಚಾಟಿಕೆಯೂ ಹೊಳೆಯಲಿಲ್ಲ. ಇದು ದಾಖಲೆ.

ಜುಲೈ 8. ಗುರುವಾರ

ಅವ್ವನನ್ನು ಬೈಲಹೊಂಗಲದ ಲೇಡಿ ಡಾಕ್ಟರ್ ಬಾಯಾರ ಹತ್ತಿರ ಕರೆದುಕೊಂಡು ಹೋದೆವು. "ಏನ ಆಗತೈತ್ರಿ?" ಎಂದು ಕೇಳಿದರು. ಅವ್ವ ಸೀರೆಯ ಸೆರಗು ನೋಡುತ್ತ ಅಂದಳು:

"ಎದಿ ಮ್ಯಾಲ ಒಂದ ಚೀಲ ಇಟ್ಟಂಗ ಆಕ್ಕೈತ್ರಿ. ಚೀಲದಾಗ ಏನೈತಿ ಅಂದ್ರ ಗೊತ್ತಿಲ್ಲ."

ಡಾಕ್ಟರ್ ಬಾಯಾರು ಎಲ್ಲ ನೋಡಿದರು. "ರಕ್ತ ಚಲೋ ಐತಿ, ಬಿ.ಪಿ. ಚಲೋ ಐತಿ. ಮನಸಿಗೆ ಮಬ್ಬ ಕವದೈತಿ. ಮನಸ್ನ ರಟ್ಟಿ ಹಿಡದ ಎಬ್ಬಸಾಕ ಬರಂಗಿಲ್ರಿ ಯವ್ವಾ. ಮೈ ಎಬ್ಬಸ್ರಿ. ಮುಂಜಾನೆ ಬೆಳಕಿನ್ಯಾಗ ಅಡ್ಡಾಡ್ರಿ. ತಣ್ಣೀರಲೆ ಮಾರಿ ತೊಳಕೋರಿ. ಉಸರ ಉದ್ದಕ ಬಿಡ್ರಿ, ಸಾವಕಾಶ. ಹಾಡ ಬರ್ತಿದ್ರ ಗುಣುಗುಣು ಅನ್ರಿ. ಒಂದ ತಿಂಗಳ ಮಾಡಿ ಬರ್ರಿ. ಆಗಲೂ ಸುಧಾರಸಲಿಲ್ಲಂದ್ರ ಧಾರವಾಡದಾಗ ದೊಡ್ಡ ಡಾಕ್ಟರ್ ಕಡೆ ಕಳಸ್ತೇನಿ."

ಬಸ್ಸಿನಲ್ಲಿ ಅವ್ವ — "ಅಡ್ಡಾಡೂದಂತ! ಖಾಲಿ ಕೈಲೆ ಓಣ್ಯಾಗ ಹೊಂಟ್ರ ಗಂಡನ ಜೋಡಿ ಜಗಳಾಡಿ ತವರಮನಿಗೆ ಹೊಂಟಾಳ ಅಂತಾರ."

ನಿಜವೇ. ನಮ್ಮ ಊರಲ್ಲಿ ಹೆಂಗಸಿನ ಕೈಯಲ್ಲಿ ಕೊಡ ಇರಬೇಕು, ಬುಟ್ಟಿ ಇರಬೇಕು, ಇಲ್ಲವೇ ಕುಡುಗೋಲು. ಖಾಲಿ ಕೈಯೆಂದರೆ ಕಾರಣ ಕೇಳುತ್ತಾರೆ. ಕೊಡದ ಕಾಲ ಹೋಯಿತು, ನಳ ಮನೆಗೇ ಬಂದಿದೆ. ಅಡಿಗೆಗೆ ಗ್ಯಾಸ್ ಬಂದಿದೆ. ಬೀಸಲು ಗಿರಣಿ ಇದೆ. ಅವ್ವನಿಗೆ ಹೊರಗೆ ಹೋಗಲು ಒಂದೂ ಕಾರಣ ಉಳಿದಿಲ್ಲ.

ಕಾರಣ ಬೇಕು. ಕಾರಣ ಒದಗಿಸುವುದು ಸರಕಾರದ ಕರ್ತವ್ಯ.

ಜುಲೈ 9

ಈ ದಿನ ಶುಭ ಮುಹೂರ್ತದಲ್ಲಿ ಸಂತೋಷ ಇಲಾಖೆಯ ಸ್ಥಾಪನೆಯಾಯಿತು. ಮುಖ್ಯ ಅಧಿಕಾರಿ: ಕು. ಮೀನಾ, ಬಿ.ಎ. ಎರಡನೇ ವರ್ಷ. ಸಿಬ್ಬಂದಿ: ಚಂದ್ರಿ, ನಮ್ಮ ಆಕಳ ಕರು. ವಯಸ್ಸಿನಲ್ಲಿ ಚಿಕ್ಕವಳಾದರೂ ಓಟದಲ್ಲಿ ಅನುಭವಿ. ಉದ್ಘಾಟನಾ ಭಾಷಣವನ್ನು ಕೊಟ್ಟಿಗೆಯಲ್ಲಿ ಮಾಡಿದೆ. ಸಿಬ್ಬಂದಿ ನನ್ನ ಓಢಣಿ ತಿಂದಿತು.

ಜುಲೈ 10. ಮುಂಜಾನೆ

ಹಗ್ಗ ಬಿಚ್ಚಿದೆ. ಚಂದ್ರಿ ಹೋದಳು. ನಾನು ಓಡಿ ಬಂದು ಚಾದರ ಹೊದ್ದು ಗೊರಕೆ ಹೊಡೆದೆ.

"ಮೀನೀ! ಕರಾ ಬಿಚಗೊಂಡ ಹೋಗೇತಿ!"

"ಹೊಟ್ಟಿ ನೋಯ್ತೈತಿ ಬೇ..."

ಅಪ್ಪ ಹೊಲಕ್ಕೆ ಹೋಗಿಯಾಗಿತ್ತು. ಅವ್ವ ನಿಟ್ಟುಸಿರು ಬಿಟ್ಟಳು. ಎದ್ದಳು. ಸೆರಗು ಸಿಕ್ಕಿಸಿಕೊಂಡಳು. ಹೋದಳು! ಕಿಟಕಿಯಿಂದ ನೋಡಿದೆ — ಕೆರೆಯ ಕಡೆ, ಎಳೆ ಬಿಸಿಲಿನಲ್ಲಿ, ಕೈಯಲ್ಲಿ ಕಾರಣ ಹಿಡಿದುಕೊಂಡು.

ವರದಿ: ಬೆಳಕು ಸೇವನೆ, ನಡಿಗೆ, ಎರಡೂ ಸಂಪನ್ನ. ಅಧಿಕಾರಿಯ ಹೊಟ್ಟೆನೋವು ತಕ್ಷಣ ಗುಣ.

ಜುಲೈ 14

ಇಲಾಖೆಯ ಕಾರ್ಯವ್ಯಾಪ್ತಿ ವಿಸ್ತರಣೆ.

ಉಸಿರು ವಿಭಾಗ: ಬಚ್ಚಲ ಒಲೆಗೆ ಹಸಿ ಕಟ್ಟಿಗೆ ಇಟ್ಟೆ. ಹೊಗೆ ಮನೆ ತುಂಬಿತು. ನಾನು ಊದುಗೊಳವೆಯಲ್ಲಿ ಫುಸ್ ಫುಸ್ ಎಂದು ಊದಿದೆ. ಅವ್ವನಿಗೆ ತಡೆಯಲಾಗಲಿಲ್ಲ. "ಸರಿ ಆಚೆ. ಬೆಕ್ಕ ಸೀನಿದಂಗ ಊದ್ತಿ." ಕೂತು ಊದಿದಳು. ಉದ್ದಕ್ಕೆ, ಸಾವಕಾಶ — ಡಾಕ್ಟರ್ ಬಾಯಾರು ಹೇಳಿದ ಹಾಗೇ. ಉರಿ ಎದ್ದಿತು. ಆದರೆ ಎದ್ದು ಹೋಗುವಾಗ ನನ್ನನ್ನು ದಿಟ್ಟಿಸಿದಳು. "ನನ್ನ ಹಳೇ ಕೆಲಸೆಲ್ಲಾ ತಿರುಗಿ ನನಗ ಹಚ್ಚಬೇಕಂತ ಮಾಡಿಯೇನ? ಆ ಹೊಗಿಯಾಗ ಕಣ್ಣ ಕಳಕೊಂಡಾಕಿ ನಾನು. ಗ್ಯಾಸ್ ಬಂದ ದಿನ ಸಿಲಿಂಡರಿಗೆ ಊದಿನಕಡ್ಡಿ ಬೆಳಗೇನಿ."

ಉಸಿರು ವಿಭಾಗವನ್ನು ಮುಚ್ಚಲಾಗಿದೆ. ಅವ್ವನಿಗೆ ಬೇಕಾಗಿರುವುದು ಕೆಲಸವಲ್ಲ. ಕೆಲಸ ಅವಳು ಸಾಕಷ್ಟು ಮಾಡಿದ್ದಾಳೆ.

ಹಾಡು ವಿಭಾಗ: ಅಂಗಳ ಗುಡಿಸುತ್ತ ಒಂದು ಜೋಕಾಲಿ ಹಾಡು ಹಾಡಿದೆ. ಬೇಕಂತಲೇ ಮೊದಲನೇ ನುಡಿಗೆ ಮೂರನೇ ನುಡಿಯ ಬಾಲ ಹಚ್ಚಿದೆ. ಒಳಗಿನಿಂದ ಧ್ವನಿ:

"ಹಂಗಲ್ಲ ಅದು."

ಮತ್ತೆ ತಪ್ಪು ಹಾಡಿದೆ. ಮತ್ತೂ ಕೆಟ್ಟದಾಗಿ. ಅವ್ವ ಒಳಗಿಂದಲೇ ಸರಿಯಾದ ಸಾಲು ಹಾಡಿದಳು — ಒಂದೇ ಸಾಲು, ಗಂಟಲು ಕಟ್ಟಿದ ಹಾಗೆ. ನಾನು ಕಸಬರಿಗೆಗೆ ಮುತ್ತು ಕೊಟ್ಟೆ.

ಜುಲೈ 19. ಸೋಮವಾರ

ವಿಜಯ! ವಿಜಯ!

ಚಂದ್ರಿ ಇವತ್ತು ಕೆರೆಯ ಕಡೆ ಹೋಗದೆ ಹಣಮಂತಪ್ಪನ ಹೆಸರುಕಾಳಿನ ಹೊಲಕ್ಕೆ ನುಗ್ಗಿದಳು. (ಇಲಾಖೆಯ ಆದೇಶವಿಲ್ಲದೆ.) ಹಣಮಂತಪ್ಪನೆಂದರೆ ಬದುವಿನ ಹುಲ್ಲಿಗೂ ಲೆಕ್ಕ ಕೇಳುವ ಆಸಾಮಿ. ಓಣಿಯ ತುದಿಯವರೆಗೂ ಅವನ ಗದ್ದಲ ಕೇಳಿಸಿತು. ನಾನು ಹೊಟ್ಟೆನೋವು ಬಿಟ್ಟು ಓಡಿದೆ.

"ಏ ಚನ್ನವ್ವ! ಕರಾ ಕಟ್ಟಾಕ ಬರಂಗಿಲ್ಲೇನ ನಿನಗ? ನನ್ನ ಹೆಸರೆಲ್ಲಾ ಹಾಳಾತಲ್ಲ!"

ಅವ್ವ ತಲೆ ತಗ್ಗಿಸಿ ನಿಂತಿದ್ದಳು. ಅವನು ಮುಂದುವರಿದ. "ಮನ್ಯಾಗ ಮಲಕೊಂಡ ಇರ್ತಿಯಂತ. ಊರ ಮಂದಿ ದನಾ ಕಾಯಬೇಕೇನ?"

ಅವ್ವ ತಲೆ ಎತ್ತಿದಳು. ನಿಧಾನ. ಸೆರಗು ಸೊಂಟಕ್ಕೆ ಬಿಗಿದಳು.

"ಹಣಮಂತಪ್ಪಣ್ಣ, ಒಂದ ಬಾಯಿ ಮೇದೈತಿ. ನಿನ್ನ ಹೊಲಾ ಹೊತಗೊಂಡ ಹೋಗೇತೇನು? ಹ್ವಾದ ವರ್ಷ ನಿನ್ನ ಜೋಡೆತ್ತ ನಮ್ಮ ಜ್ವಾಳದಾಗ ಮನೀ ಮಾಡಿದ್ವಲ್ಲ, ಆವಾಗ ನಾ ಓಣಿ ಕೂಡಿಸಿದ್ನೇನು? ಸುಮ್ನ ಹೊಡಕೊಂಡ ಬಂದ ನಿನ್ನ ಕೊಟ್ಟಿಗ್ಯಾಗ ಕಟ್ಟಿ ನೀರ ಕುಡಿಸಿ ಹೋದೆ! ಮಲಕೊಂಡ್ರ ನನ್ನ ಮನ್ಯಾಗ ಮಲಕೊಂಡೇನಿ, ನಿನ್ನ ಹಾಸಿಗಿ ಕೇಳೇನೇನು?"

ಆಮೇಲೆ ಬಂದದ್ದನ್ನು ಬರೆದರೆ ಪೆನ್ನಿನ ನಿಬ್ಬು ನಾಚುತ್ತದೆ. ಆ ಧ್ವನಿ! ತಿಂಗಳುಗಳಿಂದ ಕೇಳದ, ಮೂರು ಹೊಲ ದಾಟುವ ನಮ್ಮ ಅವ್ವನ ಧ್ವನಿ. ಹಣಮಂತಪ್ಪ ಹಿಂದೆ ಹಿಂದೆ ಸರಿದು ಬದುವಿನಿಂದ ಕಾಲು ಜಾರಿ ಕೆಸರಿನಲ್ಲಿ ಕೂತ. "ಆತ ಬಿಡ ತಂಗಿ, ಆತ ಬಿಡ."

ಮನೆಗೆ ಬಂದು ಅವ್ವ ತಾನಾಗಿಯೇ ತಣ್ಣೀರಿನಿಂದ ಮುಖ ತೊಳೆದಳು. ಗಲ್ಲ ಕೆಂಪು. ಉಣ್ಣಲು ಕೂತು — "ಇನ್ನೊಂದ ರೊಟ್ಟಿ ಹಾಕ."

ಹಾಕುವ ಗಡಿಬಿಡಿ ನನಗೆ. ರೊಟ್ಟಿ ಹರಿಯಿತು. ನಾನು ಅಳಲಿಲ್ಲ. ಅಧಿಕಾರಿಗಳು ಅಳುವುದಿಲ್ಲ.

ಜುಲೈ 29. ಗುರುವಾರ

ಬರೆಯಲು ಮನಸ್ಸಿರಲಿಲ್ಲ.

ಅವ್ವ ಮತ್ತೆ ಮಲಗಿದ್ದಾಳೆ. ಗೋಡೆಗೆ ಮುಖ. ತಪ್ಪು ಇಲಾಖೆಯದು.

ಮೊನ್ನೆ ಚಹಾ ಕೊಡಲು ಹೋದೆ. ತನ್ನ ಎರಡೂ ಅಂಗೈ ತೆರೆದು ನೋಡಿಕೊಳ್ಳುತ್ತಿದ್ದಳು.

"ಮೀನೀ, ನನ್ನ ಕೈ ಹ್ವಾದ್ವು."

"ಯಾಕ ಬೇ?"

"ಕರಕ್ಕ ಗಂಟ ಹಾಕಾಕ ಬರವಲ್ದು. ಬಿಗದ ಹಾಕಿರ್ತೇನಿ, ಮುಂಜಾನೆ ನೋಡಿದ್ರ ಬಿಚ್ಚಿರತೈತಿ. ಸಣ್ಣಾಕಿದ್ದಾಗಿಂದ ನಾ ಹಾಕಿದ ಗಂಟ ಬಿಚ್ಚಿದ್ದಿಲ್ಲ. ಹಣಮಂತಪ್ಪ ಅಂದದ್ದು ಖರೇನ ಐತಿ. ಕರಾ ಕಟ್ಟಾಕ ಬರಲಾರದಾಕಿ ಮಗಳಿಗೆ ಏನ ಪಂಚಮಿ ಮಾಡ್ಲಿ?"

ಬಿಚ್ಚುವವಳು ನಾನೇ ಎಂದು ಹೇಳದೆ ಚಹಾ ಇಟ್ಟು ಹೊರಗೆ ಬಂದೆ. ಹೆದರಿಕೆ. ಅಂದಿನಿಂದ ಹಗ್ಗ ಮುಟ್ಟಿಲ್ಲ. ಈಗ ಚಂದ್ರಿ ಕಟ್ಟಿದಲ್ಲೇ ಇದ್ದಾಳೆ, ಅವ್ವನೂ. ಬಿಚ್ಚಿದರೂ ಪಾಪ, ಬಿಚ್ಚದಿದ್ದರೂ ಪಾಪ.

ಆಗಸ್ಟ್ 3. ಮಂಗಳವಾರ. ಸಂಜೆ

ಉಸಿರು ಇನ್ನೂ ಪೂರ್ತಿ ಕೆಳಗಿಳಿದಿಲ್ಲ. ಬರೆಯುತ್ತೇನೆ.

ಮಧ್ಯಾಹ್ನ ಅಪ್ಪ ಅಂದ — "ನಾಳೆ ಸವದತ್ತಿಗೆ ಹೊಂಟೇನಿ. ಹೂಲಿ ಬೀಗರ ಸಿಗ್ತಾರ. ಈ ವರ್ಷ ಕರಿಯಾಕ ಆಗೂದಿಲ್ಲಂತ ಹೇಳಿ ಬರ್ತೇನಿ." ಅವ್ವ ಹೂಂ ಅಂದಳು.

ಅಕ್ಕ ನೆನಪಾದಳು. ಅತ್ತೆಯ ಮನೆಯ ಕಟ್ಟೆಯ ಮೇಲೆ ನಿಂತು ಬಸ್ಸಿನ ದಾರಿ ನೋಡುವವಳು.

ಇನ್ನು ತಡೆಯಲಾಗದು. ಅವ್ವ ಹಿತ್ತಲಿನಲ್ಲಿ ಬಣವೆಯ ಹತ್ತಿರ ಕೂತಿದ್ದಳು. ಎದುರು ನಿಂತು ಕೈ ಮುಗಿದೆ. "ಮಾನ್ಯ ಚನ್ನವ್ವನವರೇ, ಸಂತೋಷ ಇಲಾಖೆಯ ವತಿಯಿಂದ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ..." ಅಷ್ಟಕ್ಕೇ ಇಲಾಖೆ ಬಿದ್ದುಹೋಯಿತು.

"ಅವ್ವಾ, ನಿನ್ನ ಗಂಟಿನಾಗ ಏನೂ ತಪ್ಪಿಲ್ಲ. ಬಿಚ್ಚಾಕಿ ನಾನ."

"ಏನಂದಿ?"

"ದಿನಾ ನಾನ ಬಿಚ್ಚತಿದ್ದೆ. ನೀ ಅಡ್ಡಾಡಲಿ ಅಂತ."

ಅವ್ವ ಬಗ್ಗಿ ಕೆಳಗಿದ್ದ ಹಗ್ಗ ಎತ್ತಿಕೊಂಡಳು.

"ಮಳಿಯಾಗ, ರಾಡ್ಯಾಗ, ಆ ಹಣಮಂತಪ್ಪನ ಮುಂದ ನನ್ನ ನಿಂದ್ರಿಸಿದಾಕಿ ನೀನ ಏನ?"

"ಹೂಂ."

"ನಿಂದರ ನಿನ್ನ!"

ನಾನು ಓಡಿದೆ. ಅವ್ವನೂ ಓಡಿದಳು! ಬಣವೆಯ ಸುತ್ತ ನಾನು ಮುಂದೆ, ಕಚ್ಚೆ ಹಾಕಿ ಹಗ್ಗ ಬೀಸುತ್ತ ಅವ್ವ ಹಿಂದೆ. ಕೋಳಿಗಳು ದಿಕ್ಕಾಪಾಲು. ಪಕ್ಕದ ಮನೆಯ ಕಾಡವ್ವ ಗೋಡೆಯ ಮೇಲಿಂದ ಇಣುಕಿ — "ಹಿಂಗ ಅಲ್ಲ ಚನ್ನವ್ವ, ಆ ಕಡಿಂದ ಬಾ! ಈ ಕಡಿ ಬರಾಕ ಹತ್ತ್ಯಾಳ, ಹಿಡಿ ಹಿಡಿ!" ಅವ್ವ ತಿರುಗಿ ಬಂದಳು. ನನ್ನ ಜಡೆ ಸಿಕ್ಕಿತು. ಬೆನ್ನಿಗೆ ಒಂದು ಬಿತ್ತು. ಚಲೋ ಪೆಟ್ಟು. ಆ ಕೈಗೆ ಯಾವ ರೋಗವೂ ಇಲ್ಲ, ಇಲಾಖೆ ದೃಢೀಕರಿಸುತ್ತದೆ.

ಇಬ್ಬರೂ ಮೇವಿನ ಮೇಲೆ ಬಿದ್ದೆವು. ಅವ್ವ ಏದುತ್ತಿದ್ದಳು. ಏದುತ್ತ ಏದುತ್ತ ಕೇಳಿದಳು:

"ದಿನಾ ಬಿಚ್ಚಾಕ... ಎಷ್ಟೊತ್ತ ಹಿಡೀತಿತ್ತ?"

"ಬಾಳ ಬಿಗಿ ಇರ್ತಿತ್ತ ಬೇ. ಹಲ್ಲ ಹಚ್ಚಿ ಬಿಚ್ಚತಿದ್ದೆ."

"ಹಲ್ಲ ಹಚ್ಚಿ?"

"ಹೂಂ. ಸಗಣಿ ವಾಸನಿ."

ಅವ್ವನ ಮುಖದ ಮೇಲೆ ಏನೋ ಹರಿಯಿತು. ಗೋಡೆಯ ಕಡೆ ತಿರುಗಿ ಕೂಗಿದಳು — "ಕೇಳಿದಿ ಕಾಡವ್ವ? ನಾ ಹಾಕಿದ ಗಂಟ ಬಿಚ್ಚಾಕ ಹಲ್ಲ ಬೇಕಂತ!" ಮತ್ತೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಮೈಯೆಲ್ಲ ಅಲುಗಾಡಿಸಿ ನಕ್ಕಳು. ನಾನೂ. ಕಾಡವ್ವನೂ — ಅವಳಿಗೆ ಯಾಕೆಂದು ಗೊತ್ತಿರಲಿಲ್ಲ.

ಅಪ್ಪ ಗದ್ದಲ ಕೇಳಿ ಹೊರಗೆ ಬಂದ. ಮೇವಿನ ಮೇಲೆ ಬಿದ್ದಿದ್ದ ನಮ್ಮನ್ನು ನೋಡಿ ಹಾಗೇ ನಿಂತ.

"ನೋಡ್ರಿಲ್ಲೆ," ಅವ್ವ ಕೂದಲಿನಿಂದ ಹುಲ್ಲು ತೆಗೆಯುತ್ತ ಅಂದಳು, "ನಾಳೆ ಬೀಗರಿಗೆ ಹೇಳ್ರಿ. ಅಮಾಸಿ ಮುಗಿದ ಕೂಡಲೆ ಕರಿಯಾಕ ಬರ್ತೇವಂತ."

ಆಗಸ್ಟ್ 8. ಭಾನುವಾರ

ಚೀಲ ಪೂರ್ತಿ ಹೋಗಿಲ್ಲ. ಅವ್ವನೇ ಅಂದಳು — "ಒಂದೊಂದ ದಿನ ಇರತೈತಿ. ಆದ್ರ ಅರ್ಧಾ ಖಾಲಿ ಆಗೇತಿ." ಅಂಥ ಮುಂಜಾನೆ ಮೊದಲು ಮುಖಕ್ಕೆ ತಣ್ಣೀರು ಎರಚಿಕೊಂಡು ಹೊರಬೀಳುತ್ತಾಳೆ. ಮೊದಲ ದಿನಗಳಲ್ಲಿ ಕೈಯಲ್ಲಿ ಚಂದ್ರಿಯ ಹಗ್ಗ ಇರುತ್ತಿತ್ತು, ಕೇಳಿದವರಿಗೆ ತೋರಿಸಲು. ಇವತ್ತು ಚಂದ್ರಿ ಬಾಲ ಎತ್ತಿ ಹಟ ಹಿಡಿದಳು, ಬರಲಿಲ್ಲ. ಅವ್ವ ಬಿಟ್ಟು ನಡೆದಳು. ಎರಡೂ ಕೈ ಬೀಸುತ್ತ. ಕಾಡವ್ವ ಜೊತೆಯಾದಳು, ನಾನು ಹಿಂದೆ.

ಬದುವಿನ ಮೇಲೆ ಹಣಮಂತಪ್ಪ. "ಎಲ್ಲಿಗೆ ಹೊಂಟ್ರಿ, ಮುಂಜ್ಮುಂಜಾನೆ?"

"ಎಲ್ಲಿಗೂ ಇಲ್ಲ!" ಅಂದಳು ಅವ್ವ. ನಿಲ್ಲಲೂ ಇಲ್ಲ.

ಎಷ್ಟು ದೊಡ್ಡ ಮಾತು ಅದು.

ಆಗಸ್ಟ್ 13

ಅಕ್ಕ ಬಂದಳು! ಅಪ್ಪ ಟ್ರಂಕ್ ಹೊತ್ತು ಮುಂದೆ. ಅಕ್ಕ ಹೊಸ್ತಿಲ ಹತ್ತಿರ ನಿಂತು ಅವ್ವನ ಮುಖವನ್ನೇ ನೋಡಿದಳು. ಅವ್ವ ಮಲಗಿದ ಸುದ್ದಿ ಅವಳಿಗೂ ಮುಟ್ಟಿತ್ತು.

"ಏನ ನೋಡ್ತಿ?" ಅವ್ವ. "ಕೈಕಾಲ ತೊಳಕೊಂಡ ಬಾ. ಉಂಡಿ ಕಟ್ಟಾಕ ಒಂದ ಕೈ ಕಡಿಮಿ ಐತಿ."

ಅಕ್ಕ ಬಚ್ಚಲಿನಲ್ಲಿ ಬಹಳ ಹೊತ್ತು ಮುಖ ತೊಳೆದಳು. ನಾನು ಹೊರಗೆ ನಿಂತು ನೀರಿನ ಬರಗಾಲದ ಬಗ್ಗೆ ಉಪನ್ಯಾಸ ಕೊಟ್ಟೆ. ಒಳಗಿನಿಂದ ತಂಬಿಗೆ ಹಾರಿ ಬಂತು. ಮನೆ ಮನೆಯಾಯಿತು.

ಆಗಸ್ಟ್ 16. ಸೋಮವಾರ. ಪಂಚಮಿ

ಬೇವಿನ ಮರದ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಬಾಯಲ್ಲಿ ಶೇಂಗಾ ಉಂಡಿ, ಅಕ್ಷರ ಅಂಟಂಟು.

ಅವ್ವ ಮೊದಲು ಒಲ್ಲೆ ಅಂದಳು. "ಈ ವಯಸ್ಸಿನ್ಯಾಗ ಜೋಕಾಲಿಯೇನ?" ಅಕ್ಕ ಕೈ ಹಿಡಿದೆಳೆದಳು. ಈಗ ಇಬ್ಬರೂ ಎದುರುಬದುರು ಮಣೆಯ ಮೇಲೆ ನಿಂತು ಜೀಕುತ್ತಿದ್ದಾರೆ. ಮೊಣಕಾಲು ಮಡಿಚಿ, ಚಾಚಿ, ಮಡಿಚಿ — ಸೀರೆ ಗಾಳಿಗೆ ಪಟಪಟ. ಅವ್ವ ಹಾಡು ಎತ್ತಿಕೊಂಡಿದ್ದಾಳೆ. ಎಲ್ಲ ನುಡಿಯೂ ಸರಿಯಾಗಿ, ಗಂಟಲು ಬಿಚ್ಚಿ. ಓಣಿಯ ಹೆಂಗಸರು ಕೂಡಿದ್ದಾರೆ, ಅಪ್ಪ ಸುಮ್ಮನೆ ಮೀಸೆ ಒರೆಸಿಕೊಳ್ಳುತ್ತಿದ್ದಾನೆ.

ಅಕ್ಕ ಕಿರುಚುತ್ತಾಳೆ — "ಸಾಕ ಬೇ! ಅಂಜಿಕಿ ಬರ್ತೈತಿ!"

"ನನಗ ಇಲ್ಲ!"

ಮತ್ತೂ ಮೇಲೆ. ಮೇಲಿನ ಕೊಂಬೆಗೆ ಕಾಲು ಮುಟ್ಟಿತು! ಬೇವಿನೆಲೆ ಉದುರಿ ಈ ಪುಟದ ಮೇಲೆ ಬಿತ್ತು. ಅಕ್ಕ ಇಳಿದಳು. ಅವ್ವ ಇಳಿಯುತ್ತಿಲ್ಲ. ನನ್ನನ್ನೇ ನೋಡಿ ಕೂಗುತ್ತಿದ್ದಾಳೆ —

"ಏ ಮೀನೀ! ಏನ ಬರಕೋತ ಕುಂತಿ? ಬಾ ಇಲ್ಲೆ, ಏರ!"

ಬಂದೆ ಬೇ, ಬಂದೆ, ಈ ಒಂದು ಸಾಲು ಮುಗಿಸಿ