ಹೆರಿಗೆ ಕೋಣೆಯ ಬಾಗಿಲಲ್ಲಿ

ಮಗ್ಗೆ, ಆಲೂರು ತಾಲ್ಲೂಕು
ನವೆಂಬರ್ 9, ಭಾನುವಾರ

ಪ್ರೀತಿಯ ವಸಂತ,

ಹೆಸರು ಹಿಡಿದು ಬರೆದೆನೆಂದು ನಿಮ್ಮ ಅಮ್ಮನಿಗೆ ಹೇಳಬೇಡಿ. ಕೆಮ್ಮು ಹೇಗಿದೆ? ಗಡಿಯಲ್ಲಿ ಹಿಮ ಶುರುವಾಗಿರಬೇಕು. ಕಳೆದ ಸಲ ಫೋನಿನಲ್ಲಿ ಮಾತಿಗಿಂತ ಹೆಚ್ಚು ಕೆಮ್ಮಿದಿರಿ, ಆಮೇಲೆ ಲೈನೇ ಹೋಯಿತು. ನಾನು ಕಟ್ಟಿಕೊಟ್ಟ ಕಷಾಯದ ಪುಡಿಯನ್ನು ನೀವು ಮುಟ್ಟಿಲ್ಲವೆಂದು ಗೊತ್ತು. ನಾನು ಚೆನ್ನಾಗಿದ್ದೇನೆ. ಅತ್ತೆ ಟಿವಿಯಲ್ಲಿ ಭವಿಷ್ಯ ಕೇಳುವಾಗಲೇ ಹೊಟ್ಟೆಯಲ್ಲಿ ಮಗು ಜೋರಾಗಿ ಒದೆಯುತ್ತದೆ. ಅದಕ್ಕೂ ನನ್ನದೇ ಬುದ್ಧಿ ಬಂದಿರಬೇಕು.

ಅತ್ತೆ ಆಲೂರಿಗೆ ಹೋಗಿ ಆಪರೇಷನ್ನಿಗೆ ಮುಹೂರ್ತ ಇಡಿಸಿಕೊಂಡು ಬಂದಿದ್ದಾರೆ. ನೀವೂ ಒಪ್ಪಿದಿರಂತೆ. ಹೆರುವವಳನ್ನು ಮಾತ್ರ ಯಾರೂ ಕೇಳಲಿಲ್ಲ. ಒಮ್ಮೆ ಹೊಟ್ಟೆ ಕೊಯ್ದರೆ ಮುಂದಿನದನ್ನೂ ಕೊಯ್ದೇ ತೆಗೆಯಬೇಕೆಂಬುದು ಸುಳ್ಳು. ಸಿಕ್ಕ ಕರಪತ್ರವನ್ನೆಲ್ಲ ಓದಿ ಕೆಟ್ಟವಳು ಎಂದು, ನನ್ನನ್ನೇ ‘ಕರಪತ್ರ’ ಎಂದು ಕರೆದು ನಗಬೇಡಿ, ಈ ಸಲ ಹಾಸನದ ಡಾಕ್ಟರೇ ಹೇಳಿದರು. ಹಿಂದೆ ಕೊಯ್ದದ್ದು ಗರ್ಭಕೋಶದ ಕೆಳಭಾಗದಲ್ಲಿ, ಅಡ್ಡಕ್ಕೆ; ಮಗುವಿನ ತಲೆಯೂ ಕೆಳಗಿದೆ; ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಆದರೆ ನೋವಿನ ನಡುವೆ ಹಳೆಯ ಗಾಯ ಬಿರಿಯುವ ಅಪಾಯ ಸ್ವಲ್ಪ ಇದ್ದೇ ಇದೆ, ಹಾಗಾದರೆ ತಡಮಾಡದೆ ಕೊಯ್ಯಬೇಕು. ಅದಕ್ಕೇ ದಿನ ಹತ್ತಿರವಾದಾಗ ಆಸ್ಪತ್ರೆಯ ಬಳಿಯೇ ಇರಬೇಕಂತೆ. ಅದು ನ್ಯಾಯವೇ. ಮೊನ್ನೆ ಆನೆಗಳು ರಸ್ತೆಯಲ್ಲೇ ನಿಂತು, ಲಿಂಗಮ್ಮನ ಮಗಳ ಹೆರಿಗೆಗೆ ಕರೆಸಿದ ಆಂಬುಲೆನ್ಸ್ ಊರು ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು.

ಹಿಂದಿನ ಸಲ ನನಗೆ ಎಚ್ಚರವಾದಾಗ ಹೊಟ್ಟೆಯ ಮೇಲೆ ಹೊಲಿಗೆ, ಪಕ್ಕದಲ್ಲಿ ಮಡಿಸಿಟ್ಟ ಬಟ್ಟೆ. ಮಗುವನ್ನು ಆಗಲೇ ಮಣ್ಣು ಮಾಡಿ ಬಂದಿದ್ದರು. ಅದರ ಮುಖವನ್ನು ನಾನು ನೋಡಲಿಲ್ಲ, ನೀವೂ ನೋಡಲಿಲ್ಲ. ಈ ಸಲ ಎಚ್ಚರವಾಗಿದ್ದು ಹೆರಬೇಕು, ಅದರ ಅಳುವನ್ನು ನಾನೇ ಮೊದಲು ಕೇಳಬೇಕು. ಅತ್ತೆಗೆ ಇದನ್ನೇ ಹೇಳಿದೆ. "ನೀನು ಹೇಳೋದೆಲ್ಲ ಸರೀನೇ ಐತೆ ಕಣವ್ವ, ನಂಗೆ ಭಯ" ಎಂದರು. ಆ ಮಗುವಿಗೆ ಹೆಣೆದ ಟೋಪಿ ಅವರ ಟ್ರಂಕಿನಲ್ಲಿ ಇನ್ನೂ ಇದೆ. ನನಗೆ ಮುಂದೆ ಜಗಳವಾಡಲು ಆಗಲಿಲ್ಲ.

ನಾಮಕರಣಕ್ಕೆಂದು ಉಳಿಸಿಕೊಂಡ ರಜೆಯನ್ನು ಈಗಲೇ ಹಾಕಿ. ನಾಮಕರಣ ನೀವಿಲ್ಲದೆಯೂ ಆಗುತ್ತದೆ. ಬೆಚ್ಚಗಿರಿ, ಬಿಸಿನೀರನ್ನೇ ಕುಡಿಯಿರಿ. ಅತ್ತೆಯ ಆಶೀರ್ವಾದ ಇದರೊಳಗೇ ಇದೆ.

ನಿಮ್ಮ ಕರಪತ್ರ,
ದೀಪಶ್ರೀ

ತಾ.ಕ.: ಕವರು ಅಂಟಿಸಲು ಅನ್ನದಗುಳು ತರಲು ಅತ್ತೆ ಒಳಗೆ ಹೋಗಿದ್ದಾರೆ, ಅಷ್ಟರಲ್ಲಿ ಬರೆಯುತ್ತೇನೆ. ಹಿಂದಿನ ಮಗುವಿಗೆ ಶಕ್ತಿ ಇರಲಿಲ್ಲ ಎಂದು ನಿಮಗೆ ತಿಳಿಸಿದ್ದರಲ್ಲ, ಅದು ನಿಜವಲ್ಲ. ಮಗುವಿನ ಎದೆಬಡಿತ ಇಳಿಯುತ್ತಿದೆ, ಬೇಗ ಸಹಿ ಹಾಕಿ ಎಂದು ಡಾಕ್ಟರು ಕೇಳಿದಾಗ ಅತ್ತೆ, "ರಾಹುಕಾಲ ಕಳ್ದೋಗ್ಲಿ, ಆಮೇಲೆ ಹಾಕ್ತೀನಿ" ಎಂದು ಬಾಗಿಲಲ್ಲೇ ಕೂತುಬಿಟ್ಟರು. ಒಳಗೆ ನನಗೆ ಕೇಳಿಸುತ್ತಿತ್ತು. ನಾನೇ ಹಾಕುತ್ತೇನೆಂದು ಕೂಗಿದರೆ, ಮನೆಯವರೇ ಹಾಕಬೇಕು ಎಂದರು ಆಸ್ಪತ್ರೆಯವರು. ಇದನ್ನು ಅತ್ತೆಯ ಹತ್ತಿರ ಎತ್ತಬೇಡಿ, ತಮ್ಮಿಂದಲೇ ತಡವಾಯಿತೆಂದು ಅವರಿಗೆ ಗೊತ್ತಿದೆ. ಕೊಯ್ಯಬೇಡಿ ಎಂದು ಹಟ ಹಿಡಿದಿರುವವಳು ನಾನೇ. ಆದರೆ ಅಪಾಯ ಬಂದರೆ, ಕೊಯ್ಯಿರಿ ಎಂದು ಆ ಕ್ಷಣವೇ ಹೇಳುವವರೊಬ್ಬರು ಆ ಬಾಗಿಲಲ್ಲಿ ನಿಂತಿರಬೇಕು. ಬನ್ನಿ.