ಕಸ್ತೂರಿಯ ಕೇಕಿಗೆ ಬೆಣ್ಣೆ ಬಂದದ್ದು

ರಬಕವಿ
ಮೇ ೧೨

ತಮ್ಮ ಈಶ್ವರನಿಗೆ,

ನನ್ನ ಕೈಯಲ್ಲಿ ಕಾಗದ ಬರೆಸುವ ಮಟ್ಟಕ್ಕೆ ತಂದುಬಿಟ್ಟೆಯಲ್ಲ, ಭಲೇ ನೀನು. ಸಾಲಿ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಗಿರಣಿಗೆ ಕಳಿಸುವ ಹಿಟ್ಟಿನ ಡಬ್ಬಿಯ ಮೇಲೆ ಹೆಸರು, ಬ್ಯಾಂಕಿನಲ್ಲಿ ಸಹಿ, ಅಷ್ಟೇ. ಅಕ್ಷರ ನೆಟ್ಟಗಿಲ್ಲ, ನೆಟ್ಟಗೆ ಮಾಡುವುದೂ ಇಲ್ಲ. ತಿಳಿದಷ್ಟು ಓದಿಕೋ. ನಮ್ಮ ಮನೆಯವರು ಪೆನ್ನು, ಹಾಳೆ ತಂದು ಮುಂದಿಟ್ಟರು. "ಫೋನಿನ್ಯಾಗ ನೀ ಬೈತಿ, ಅವ ಇಟ್ಟ ಬಿಡ್ತಾನ. ಹಾಳ್ಯಾಗ ಬೈದರ ಪೂರಾ ಓದೇ ಓದ್ತಾನ, ಬರಿ" ಎಂದು ಹೇಳಿ ಮಗ್ಗ ಚಾಲೂ ಮಾಡಲಿಕ್ಕೆ ಹೋದರು. ಇನ್ನು ಫೋನು ಮಾಡುತ್ತೇನೆ ಅಂದರೂ ಎಲ್ಲಿ? ನನ್ನ ನಂಬರು ಬ್ಲಾಕ್ ಮಾಡಿ ಕೂತಿದ್ದೀ. ಒಡಹುಟ್ಟಿದ ಅಕ್ಕನ ನಂಬರು.

ನಿನಗೆ ಬಹುವಚನ ಹಚ್ಚುವುದಿಲ್ಲ. ನನ್ನ ಮಗಳು ರಾಜಶ್ರೀಯನ್ನು ನಿನಗೆ ಕೊಟ್ಟ ಮೇಲೆ ಮಂದಿಯ ಮುಂದೆ "ಬರ್ರಿ ಅಳಿಯಾರ, ಕುಂದರ್ರಿ" ಅಂದದ್ದು ಸಾಕು. ಲಗ್ನದಲ್ಲಿ ನಮ್ಮವ್ವ ನನಗೇ ಬೀಗತಿಯಾಗಿ ಚಾಪೆಯ ಮೇಲೆ ಕೂತು, "ಏನ ಬೀಗತಿ, ಹೋಳಿಗಿಗೆ ತುಪ್ಪ ಕಡಿಮಿ ಬಿತ್ತಲ್ಲ" ಎಂದು ಕಾಡಿದ್ದು ನಿನಗೆ ನೆನಪಿರಬೇಕು. ಎಲ್ಲರೂ ನಕ್ಕಿದ್ದರು. ಈಗ ಕೊಟ್ಟ ಮಗಳೇ ಇಲ್ಲ. ಅಳಿಯನ ಮಾತು ಅಲ್ಲಿಗೆ ಮುಗಿಯಿತು. ತಮ್ಮನಿಗೆ ಬರೆಯುತ್ತಿದ್ದೇನೆ.

ಮೊನ್ನೆ ನಿನ್ನ ಮಗಳು ಕಸ್ತೂರಿಯ ಹುಟ್ಟುಹಬ್ಬ ನಮ್ಮ ಮನೆಯಲ್ಲೇ ಆಯಿತು. ಹೆಂಗಾಯಿತು ಎಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ.

ಏನು ಬೇಕವ್ವಾ ಅಂದದ್ದಕ್ಕೆ ಕಸ್ತೂರಿ ಫ್ರಾಕು ಬೇಡ ಅಂದಳು, ಬಳೆ ಬೇಡ ಅಂದಳು. "ಮಮ್ಮಿ ಮಾಡ್ತಿದ್ಲಲ್ಲ ಆಯಿ, ನಡಕ ಬಿಳಿ ಕ್ರೀಮು, ಕ್ರೀಮಿನ್ಯಾಗ ಕರಿ ಬಿಸ್ಕಿಟು, ಆ ಕೇಕು" ಅಂದಳು. ಬೇಕರಿಯಿಂದ ತರಿಸುತ್ತೇನೆ ಅಂದೆ. ತಲೆ ಅಲ್ಲಾಡಿಸಿದಳು. ನಮ್ಮವ್ವನ ಹೆಸರು ಇಟ್ಟುಕೊಂಡಿದೆ ಕೂಸು, ಹಟವೂ ಅವಳದೇ. ಗದರಿಸಲಿಕ್ಕೆ ಬಾಯಿ ಬರುವುದಿಲ್ಲ.

ರಾಜಶ್ರೀಯ ಕೇಕಿನ ಸಾಮಾನು ಅವಳು ಹೋದ ಮೇಲೆ ಮುಧೋಳದಿಂದ ನೀನೇ ಒಂದು ಗೋಣಿಚೀಲದಲ್ಲಿ ಕಟ್ಟಿ ಕಳಿಸಿದ್ದೆ. ಅಟ್ಟದ ಮೇಲೆ ಹಂಗೇ ಇತ್ತು. ಇಳಿಸಿ ಬಿಚ್ಚಿದೆ. ತಗಡಿನ ಡಬ್ಬಿ, ಚಮಚ, ಕೈಯಲ್ಲಿ ಹಿಡಿಯುವ ಕರೆಂಟಿನ ಬೀಟರು. ಬೀಟರಿನ ಸಂದಿಯಲ್ಲಿ ಒಣಗಿದ ಕ್ರೀಮು ಇನ್ನೂ ಇತ್ತು. ನಮ್ಮ ಮನೆಯವರು ನನಗೆ ಏನಾದರೂ ಆದೀತೆಂದು ಬಾಗಿಲಲ್ಲಿ ನಿಂತಿದ್ದರು. ಏನೂ ಆಗಲಿಲ್ಲ. ಬಿಸಿನೀರು ಹಾಕಿ ತೊಳೆದೆ.

ಕೇಕು ಹೆಂಗೋ ಆಯಿತು. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು ಬೇಯಿಸಿದೆ. ಪದರು ಮಾಡಲಿಕ್ಕೆ ಚಾಕು ತೆಗೆದುಕೊಂಡರೆ ಕಸ್ತೂರಿ ಓಡಿಹೋಗಿ ಅಜ್ಜನ ಮಗ್ಗದಿಂದ ನೂಲು ಹರಿದು ತಂದಳು. ಅವಳವ್ವ ನೂಲನ್ನು ಕೇಕಿನ ಸುತ್ತ ಬಳಸಿ, ಎರಡೂ ತುದಿ ಹಿಡಿದು ಎಳೆಯುತ್ತಿದ್ದಳಂತೆ. ಎಳೆದೆ. ನುಣ್ಣಗೆ ಕೊಯ್ದಂತೆ ಬಂತು. ನೇಕಾರರ ಮನೆಯಲ್ಲಿ ಹುಟ್ಟಿದವಳ ಬುದ್ಧಿ ಅದು. ನನಗೆ ಹೊಳೆದಿರಲಿಲ್ಲ.

ಕೆಟ್ಟದ್ದು ನಡುವಿನ ಕ್ರೀಮಿನಲ್ಲಿ. ಅಂಗಡಿಯ ಕ್ರೀಮು ಯಾಕೆ, ಮನೆಯಲ್ಲಿ ಎಮ್ಮೆ ಇದೆ, ಗಡಿಗೆಯ ತುಂಬ ಕೆನೆ ಇದೆ ಎಂದು ಅದನ್ನೇ ಪಾತ್ರೆಗೆ ಸುರಿದು ಬೀಟರು ಹಚ್ಚಿದೆ. ಕಸ್ತೂರಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ಸಾಕು ಆಯಿ, ನಿಂದ್ರಸು, ನೊರಿ ಬಂತು" ಅಂದಳು. ನನಗೆ ಕೇಳಿದರೂ ಕೈ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಕಡೆಯುತ್ತ ಬಂದ ಕೈ. ಕೆನೆ ಕಡೆಯುವುದೆಂದರೆ ಬೆಣ್ಣೆ ಬರುವ ತನಕ ಕಡೆಯುವುದು, ನಡುವೆ ಯಾರು ನಿಲ್ಲಿಸುತ್ತಾರೆ? ನೀರು ಬೇರೆ, ಮುದ್ದೆ ಬೇರೆ ಆಯಿತು. "ಬೆಣ್ಣಿ ಬಂತು ನೋಡ!" ಎಂದು ನಾನು ದೊಡ್ಡ ದನಿಯಲ್ಲಿ ಅಂದೆ. ಆರು ತಿಂಗಳಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಇರಬೇಕು.

ಹುಡುಗಿ ಅಳಲಿಕ್ಕೆ ಹತ್ತಿದಳು. "ಬೆಣ್ಣಿ ಬಂದ್ರ ಕೆಡ್ತು ಅಂತಿದ್ಲು ಮಮ್ಮಿ" ಎಂದು ಬಿಕ್ಕಿದಳು. ಬೆಣ್ಣೆ ಬಂದದ್ದಕ್ಕೆ ಅಳುವವರನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ.

ಕೆಟ್ಟರೆ ಕೆಡಲಿ ಎಂದು ಮಜ್ಜಿಗೆ ಬಸಿದೆ. ಬೆಣ್ಣೆಯನ್ನು ತಣ್ಣೀರಿನಲ್ಲಿ ತೊಳೆದು, ಸಕ್ಕರೆ ಪುಡಿ ಹಾಕಿ ಮತ್ತೆ ಬೀಟರು ಹಚ್ಚಿದೆ. ಕೈ ಸೋಲುವ ಹೊತ್ತಿಗೆ ಅದು ಬೆಳ್ಳಗೆ, ಹಗುರಾಗಿ ಎದ್ದಿತು. ಕರಿ ಬಿಸ್ಕಿಟನ್ನು ಕಲ್ಲಿನಲ್ಲಿ ಕುಟ್ಟಿ ಹಾಕಿದೆ. ನುಣ್ಣಗೆ ಕುಟ್ಟಿದ್ದು ತಪ್ಪಾಯಿತು, ಒಂದು ಮೂಲೆಯೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತು. "ದೊಡ್ಡ ದೊಡ್ಡ ತುಂಡು ಇರಬೇಕು, ಹಲ್ಲಿಗೆ ಸಿಗಬೇಕು" ಎಂದು ಕಸ್ತೂರಿ ಕಣ್ಣು ಒರೆಸಿಕೊಂಡು ಕೆಳಗೆ ಇಳಿದಳು. ಉಳಿದ ಬಿಸ್ಕಿಟನ್ನು ಅವಳೇ ಕೈಯಿಂದ ಮುರಿದು ಹಾಕಿ, ಚಮಚದಿಂದ ಮೆಲ್ಲಗೆ ಕಲಸಿದಳು. ತಿರುವಬಾರದಂತೆ, ಕೆಳಗಿನಿಂದ ಎತ್ತಿ ಮೇಲೆ ಹಾಕಬೇಕಂತೆ. ಪದರಿಗೆ ಹಚ್ಚಿ, ಮೇಲೊಂದು ಪದರು ಇಟ್ಟು, ಮತ್ತೆ ಹಚ್ಚಿದೆವು. ನಮ್ಮ ಮನೆಯವರು ಇಣುಕಿ, "ಇದೇನ ಕೇಕೋ, ಮಾದಲಿ ಪುಡಿ ಸುರುವಿದ್ದೋ?" ಅಂದರು. "ಅಜ್ಜಾ, ನಿನಗ ಕೊಡಂಗಿಲ್ಲ, ಹೋಗು" ಎಂದು ಅವಳು ಬಾಗಿಲು ಹಾಕಿದಳು. ಆಗ ನಕ್ಕಳು. ನಾನು ನಗಲಿಲ್ಲ, ಅಳಲೂ ಇಲ್ಲ. ಮಗಳು ಹೋದಾಗಿನಿಂದ ನನಗೆ ಎರಡೂ ಬಂದಿಲ್ಲ. ಕೈ ಕೆಲಸ ಮಾಡುತ್ತದೆ, ಉಳಿದದ್ದು ಗೊತ್ತಾಗುವುದಿಲ್ಲ.

ಬೆಳಗ್ಗೆ ಫೋನಿನಲ್ಲಿ ಅವಳಿಗೆ "ಸಂಜಿಕ್ಕ ಬರ್ತೇನಿ" ಅಂದವನು ನೀನು. ಹಾಲಗಡಿಗೆ ಹೊರಗೆ ಇಟ್ಟು ಫ್ರಿಜ್ಜಿನಲ್ಲಿ ಕೇಕಿಗೆ ಜಾಗ ಮಾಡಿದೆ. ಮಹಾಲಿಂಗಪುರದ ಕಡೆಯಿಂದ ಮುಧೋಳದ ಬಸ್ಸು ಬಂದಾಗಲೆಲ್ಲ ಹುಡುಗಿ ಓಣಿಯ ತುದಿಗೆ ಓಡಿದಳು. ದೀಪ ಹಚ್ಚುವ ತನಕ ಕಾದೆವು. ಆಮೇಲೆ ಕೊಯ್ದೆವು. ಬಿಸಿಲ ಕಾಲ, ಮೇಲಿನ ಪದರು ಒಂದು ಮಗ್ಗುಲಿಗೆ ಜಾರಿತ್ತು. ಅವಳು ಒಂದು ತುತ್ತು ತಿಂದು ಅಂದಳು: "ಮಮ್ಮಿದರಂಗ ಆಗಿಲ್ಲ. ಆದರ ಛಲೋ ಐತಿ."

ಅವಳು ಓಣಿಯ ಹುಡುಗರಿಗೆ ಕೇಕು ಹಂಚಲಿಕ್ಕೆ ಹೋದಾಗ ನಿನಗೆ ಫೋನು ಮಾಡಿದೆ. "ಅಕಿ ಹೋಗಿ ನೀ ಎದಕ್ಕ ಉಳದಿ?" ಅಂದೆ. ಅಂದದ್ದು ಅಂದದ್ದೇ, ವಾಪಸು ತೆಗೆದುಕೊಳ್ಳುವುದಿಲ್ಲ. ಅದೇ ಮಾತನ್ನು ದಿನಾ ನನಗೂ ನಾನು ಅಂದುಕೊಳ್ಳುತ್ತೇನೆ. ನಾನೇನು ಬ್ಲಾಕ್ ಮಾಡಿಕೊಂಡಿದ್ದೇನೆಯೇ?

ನೀನು ನಮ್ಮ ಮನೆಯವರ ಮುಂದೆ, "ಆ ಕೂಸಿನ ಮಾರಿ ನೋಡಾಕ ಆಗವಲ್ದ್ರಿ ಮಾಮಾ, ಥೇಟ ಅಕೀದ" ಅಂದೆಯಂತೆ. ಹೌದು, ಥೇಟ್ ಅವಳದೇ. ಅವಳು ಯಾರು? ನಾನು ಹೆತ್ತವಳು. ಆ ಮುಖವನ್ನು ನಾನು ದಿನಾ ಎದ್ದು ತೊಳೆಯುತ್ತೇನೆ. ಅದಕ್ಕೆ ಉಣಿಸುತ್ತೇನೆ. ಆಗುತ್ತದೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಿಲ್ಲ. ಸಕ್ಕರೆ ಕಾರ್ಖಾನೆಯ ಸೀಸನ್ ಇದೆ ಎಂದು ನೀನಂದೆ, ಸರಿ ಅಂದೆವು. ಕಬ್ಬು ಮುಗಿಯಿತು, ಗಾಡಿಗಳು ವಾಪಸು ಹೋದವು. ಈಗ ಏನು ಹೇಳುತ್ತೀ?

ಮರುದಿನ ಮುಂಜಾನೆ ಅವಳ ತಲೆ ಬಾಚುತ್ತಿದ್ದೆ. ಹಿಂದೆ ತಿರುಗದೆ ಕೇಳಿದಳು: "ಆಯಿ, ಪಪ್ಪಾಗ ನಾ ಬ್ಯಾಡಾಗೇನೇನ?"

ನನಗೆ ಸಿಟ್ಟೂ ಬರಲಿಲ್ಲ. ಬಂದಿದ್ದರೆ ಛಲೋ ಇತ್ತು. ಜಡೆ ಹಾಕಿ, ರಿಬ್ಬನ್ ಕಟ್ಟಿ, ಎದ್ದು ಎಮ್ಮೆಗೆ ನೀರು ಇಡಲಿಕ್ಕೆ ಹೋದೆ.

ಈಶ್ವರಾ, ನಿನ್ನ ಪರವಾಗಿ ಎಷ್ಟು ಕಡೆ ಉತ್ತರ ಕೊಟ್ಟವಳು ನಾನು. ನೀನು ಮಾಸ್ತರರ ಸೈಕಲ್ಲಿನ ಗಾಳಿ ಬಿಟ್ಟಾಗ ಸಾಲಿಗೆ ಹೋಗಿ ನಿಂತೆ. ಅಪ್ಪ ಹಗ್ಗ ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ನಿಂತೆ. ರಾಜಶ್ರೀಯ ತಿಂಗಳ ತಿಥಿಗೆ ಬಂದವರು ಅಳಿಯ ಎಲ್ಲಿ ಎಂದಾಗ, ರಜೆ ಸಿಕ್ಕಿಲ್ಲ ಅಂದವಳೂ ನಾನೇ. ಅವಳ ಈ ಮಾತಿಗೆ ಮಾತ್ರ ನಿನ್ನ ಪರವಾಗಿ ಉತ್ತರ ಹೇಳುವುದಿಲ್ಲ. ಅಪ್ಪನಿಗೆ ಅವಳು ಬೇಕು ಎಂದು ನಾನು ಹೇಳಿ, ನೀನು ಬರದಿದ್ದರೆ, ಅವಳ ಪಾಲಿಗೆ ನಾನೂ ಸುಳ್ಳಾಗುತ್ತೇನೆ. ಬೇಡ ಎಂದು ಹೇಳಲಿಕ್ಕೆ ನನಗೆ ನಾಲಗೆ ಇಲ್ಲ.

ಬಿಚ್ಚಿ ಹೇಳುತ್ತೇನೆ. ಅವಳನ್ನು ಕಳಿಸಲಿಕ್ಕೆ ನನಗೆ ಮನಸ್ಸಿಲ್ಲ. ನೀನು ಕರೆದುಕೊಂಡು ಹೋದರೆ ಈ ಮನೆಯಲ್ಲಿ ಮಗ್ಗದ ಸಪ್ಪಳ ಬಿಟ್ಟರೆ ಬೇರೆ ದನಿ ಇರುವುದಿಲ್ಲ. ಆದರೂ ಕೇಳುತ್ತಿದ್ದೇನೆ. ಅಪ್ಪ ಇದ್ದೂ ಇಲ್ಲದಂತೆ ಬೆಳೆಯುವುದು ಬೇಡ ಅವಳು. ಜೂನಿಗೆ ಸಾಲಿ ಶುರುವಾಗುತ್ತದೆ. ಇಲ್ಲಿ ಹೆಸರು ಹಚ್ಚಬೇಕೋ, ಮುಧೋಳದ ಸಾಲಿಗೇ ಬರುತ್ತಾಳೋ, ಅದನ್ನೂ ನೀನೇ ಹೇಳಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು. ಕಾರ್ಖಾನೆಯಲ್ಲಿ ಮೈಮೇಲೆ ಎಚ್ಚರ ಇಟ್ಟು ಕೆಲಸ ಮಾಡು. ದೇವರು ನಿನ್ನನ್ನು ಗಟ್ಟಿಯಾಗಿ ಇಡಲಿ. ಸಿಟ್ಟಿದ್ದರೂ ಈ ಮಾತು ಖರೆ.

ನಿನ್ನ ಅಕ್ಕ,
ಮುತ್ತವ್ವ

ಉತ್ತರ ನನ್ನ ಹೆಸರಿಗೆ ಬೇಡ. ಕಸ್ತೂರಿಯ ಹೆಸರಿಗೆ ಬರೆ, ಅವಳಿಗೆ ಓದಲಿಕ್ಕೆ ಬರುತ್ತದೆ. ಮೇ ಮೂವತ್ತೊಂದರ ಒಳಗೆ ಕಾಗದ ಬರಬೇಕು.